ಪಿಶಾಚಿಯ ಕರಾರು ಪತ್ರದಲ್ಲಿನ ಲೋಪದೋಷಗಳು

ತಾಯ್ತನ, ಪಶ್ಚಾತ್ತಾಪ, ಪಿಶಾಚಿಯೊಡನೆ ವ್ಯವಹಾರ, ಈ ಮೂರನ್ನೂ ಹತ್ತು ಹನ್ನೆರಡು ನಿಮಿಷದೊಳಗೆ ಮುಗಿಸಿಬಿಡುವ ಭಯಾನಕ ಕಿರುಚಿತ್ರಗಳು ಈಗ ಬೇಕಾದಷ್ಟು ಬರುತ್ತಿವೆ. ಅವುಗಳ ಬೆಳಕು, ನೆರಳು, ತೊಟ್ಟಿಲು ಕಿರುಗುಟ್ಟುವ ಸದ್ದು ಇತ್ಯಾದಿಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಆದರೆ ಇಡೀ ಕಥೆ ನಿಂತಿರುವ ದಸ್ತಾವೇಜನ್ನು ಯಾರೂ ಬಿಚ್ಚಿ ಓದಿದಂತಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯೆದುರು ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳನ್ನು ಬರೆದು ಬದುಕಿದ ಪತ್ರ ಬರಹಗಾರ ನಾನು. ನನ್ನ ಕಣ್ಣಿಗೆ ಮೊದಲು ಬೀಳುವುದು ದೆವ್ವದ ಕೋರೆಹಲ್ಲಲ್ಲ, ಅದು ತಂದಿರುವ ಕಾಗದ. ಆ ಕಾಗದಕ್ಕೆ ಛಾಪಾ ಇರುವುದಿಲ್ಲ, ಸಾಕ್ಷಿಗಳ ರುಜು ಇರುವುದಿಲ್ಲ, ಕೊನೆಯಲ್ಲಿ ಬರೆದವನ ಬಿಕ್ಕಲಂ ಕೂಡ ಇರುವುದಿಲ್ಲ. ಇಷ್ಟು ಲೋಪವಿರುವ ಪತ್ರಕ್ಕೆ ಹೆದರಿ ಸೀಟಿನ ಅಂಚಿಗೆ ಬರುವ ಪ್ರೇಕ್ಷಕರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ.

ಕಥೆ ಸಾಮಾನ್ಯವಾಗಿ ಒಂದೇ. ಅಪಾರ್ಟ್‌ಮೆಂಟಿನ ಮನೆ, ಕೈಗೂಸು. ಗಂಡ ಅಮೆರಿಕದವರ ಜೊತೆ ಮೀಟಿಂಗಿದೆ ಎಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಬೆಳಗಿನ ಜಾವ ಮೂರಕ್ಕೆ ಮಗು ಅಳುತ್ತದೆ. ತಾಯಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತ, ‘ಇದೆಲ್ಲ ಬೇಡವಾಗಿತ್ತು’ ಎಂದು ಒಂದು ಕ್ಷಣ ಅಂದುಕೊಳ್ಳುತ್ತಾಳೆ. ಕೂಡಲೇ ಕಪಾಟಿನ ಬಾಗಿಲು ತೆರೆದು ಪಿಶಾಚಿಯವರು ಹೊರಬರುತ್ತಾರೆ. (ಪಕ್ಷಕಾರರು ಯಾರೇ ಆಗಲಿ, ವ್ಯವಹಾರಕ್ಕೆ ಬಂದ ಮೇಲೆ ಏಕವಚನ ಸಲ್ಲದು.) ಹಳೆಯ ಸಂಬಳ, ಹಳೆಯ ಸೊಂಟ, ರಾತ್ರಿಗೆ ಎಂಟು ಗಂಟೆಯ ನಿದ್ದೆ, ಎಲ್ಲವನ್ನೂ ಮರಳಿಸುವುದಾಗಿ ಹೇಳುತ್ತಾರೆ. ಬದಲಿಗೆ ಕೇಳುವುದು ‘ಆ ಪುಟ್ಟದ್ದನ್ನು’ ಮಾತ್ರ. ಅವಳು ಹೂಂ ಅನ್ನುತ್ತಾಳೆ. ತೊಟ್ಟಿಲು ಖಾಲಿಯಾಗುತ್ತದೆ. ಅವಳು ಚೀರುತ್ತಾಳೆ. ಹೆಸರುಗಳು ಮೇಲೇರುತ್ತವೆ.

ಪರಿಶೀಲನೆಯನ್ನು ಆ ‘ಹೂಂ’ನಿಂದಲೇ ಆರಂಭಿಸೋಣ. 1872ರ ಭಾರತೀಯ ಕರಾರು ಅಧಿನಿಯಮದ 12ನೇ ಕಲಮು ಓದಿದವರಿಗೆ ಗೊತ್ತು: ಕರಾರು ಮಾಡುವ ಹೊತ್ತಿಗೆ ಮನುಷ್ಯ ಅದನ್ನು ಅರ್ಥ ಮಾಡಿಕೊಂಡು ತನ್ನ ಹಿತಾಹಿತ ತೂಗಿ ನೋಡುವ ಸ್ಥಿತಿಯಲ್ಲಿರಬೇಕು. ಜ್ವರದ ಸನ್ನಿಯಲ್ಲಿರುವವನು, ಷರತ್ತು ತಿಳಿಯದಷ್ಟು ಕುಡಿದವನು, ಆ ಸ್ಥಿತಿ ಇಳಿಯುವವರೆಗೆ ಕರಾರಿಗೆ ಅರ್ಹನಲ್ಲ ಎಂದು ಶಾಸನವೇ ಉದಾಹರಣೆ ಕೊಟ್ಟಿದೆ. ಹಸುಗೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸಬೇಕು. ಅಂದರೆ ಎರಡು ಮೂರು ಗಂಟೆಗೊಮ್ಮೆ ಎದ್ದು ಕೂತವಳು ಅವಳು. 1872ರಲ್ಲಿ ಕಾಯಿದೆ ಬರೆದ ಗಂಡಸರಿಗೆ ಸನ್ನಿ ಗೊತ್ತಿತ್ತು, ಸಾರಾಯಿ ಗೊತ್ತಿತ್ತು, ಬಾಣಂತಿಯ ಮೂರು ಗಂಟೆ ಗೊತ್ತಿರಲಿಲ್ಲ. ಆದರೂ 16ನೇ ಕಲಮಿನಲ್ಲಿ ದೈಹಿಕ ಅಥವಾ ಮಾನಸಿಕ ಸಂಕಟದಿಂದ ಬುದ್ಧಿ ತಾತ್ಕಾಲಿಕವಾಗಿ ಕುಗ್ಗಿದವರ ಮೇಲೆ ಬೀರುವ ಅನುಚಿತ ಪ್ರಭಾವದ ಮಾತಿದೆ, ಅದು ಸಾಕು. ಇಂಥ ಹೆಂಗಸಿನಿಂದ ಪಿಶಾಚಿಯವರು ಬರೆಸಿಕೊಂಡ ಕಾಗದ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಹೀಗಾಗಿ ಚಿತ್ರ ನಾಲ್ಕನೇ ನಿಮಿಷಕ್ಕೇ ಮುಗಿಯಬೇಕು. ಉಳಿದ ಎಂಟು ನಿಮಿಷದ ಚೀರಾಟ ಕಾನೂನಿನ ಅಜ್ಞಾನದಿಂದ ಆದದ್ದು.

ಎರಡನೆಯ ತಕರಾರು ಷೆಡ್ಯೂಲಿನದು. ಒಂದು ಸೈಟು ಮಾರುವುದಿದ್ದರೂ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ಚೆಕ್ಕುಬಂದಿ ಹಾಕದೆ ನಾವು ಪೆನ್ನು ಕೆಳಗಿಡುವುದಿಲ್ಲ. ಪಿಶಾಚಿಗಳ ಜಗತ್ತಿನಲ್ಲಿ ಈ ಶಿಸ್ತು ಮೊದಲಿನಿಂದಲೂ ಇಲ್ಲ. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’ ಕಥೆಯನ್ನೇ ನೋಡಿ. ನಮ್ಮ ದೇಶದ ಒಬ್ಬ ಫಕೀರ ಮಂತ್ರಿಸಿದ ಕೋತಿಯ ಒಣಗಿದ ಪಂಜ, ಒಬ್ಬ ಸಾರ್ಜೆಂಟ್ ಮೇಜರನ ಕೈಯಿಂದ ಇಂಗ್ಲೆಂಡಿನ ಒಂದು ಮನೆ ಸೇರುತ್ತದೆ. ಭಾರತದಿಂದ ರಫ್ತಾದ ಈ ಸರಕಿನ ಜೊತೆ ಬಳಕೆಯ ಸೂಚನಾ ಪತ್ರ ಹೋಗಲಿಲ್ಲವೆಂಬುದು ನಮಗೂ ಸ್ವಲ್ಪ ನಾಚಿಕೆಯ ಸಂಗತಿ. ಮನೆಯವರು ಇನ್ನೂರು ಪೌಂಡು ಬೇಡುತ್ತಾರೆ. ಯಾವ ಬಾಬ್ತು, ಯಾರಿಂದ, ಯಾವ ರೂಪದಲ್ಲಿ, ಏನನ್ನೂ ಬರೆಯುವುದಿಲ್ಲ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿಯವರು, ನಮ್ಮ ಮೇಲೆ ಹೊಣೆಯೇನೂ ಇಲ್ಲ, ಆದರೂ ಅವನ ಸೇವೆಯನ್ನು ಗಮನಿಸಿ ಇಷ್ಟು ಕೊಡುತ್ತಿದ್ದೇವೆ ಎಂದು ಇನ್ನೂರು ಪೌಂಡು ಕೊಡುತ್ತಾರೆ. ಹೊಣೆಯೂ ಇಲ್ಲ, ಹಣವೂ ಸಂದಾಯ! ಇಡೀ ಕಥೆಯಲ್ಲಿ ಕಸುಬು ಬಲ್ಲವರು ಬರೆದ ವಾಕ್ಯ ಅದೊಂದೇ. ಓದುಗರು ಕೋತಿಯ ಪಂಜಕ್ಕೆ ಹೆದರುತ್ತಾರೆ. ನಾನು ಆ ಕಂಪನಿಯ ಪತ್ರ ಬರಹಗಾರನಿಗೆ ಎದ್ದು ನಿಂತು ನಮಸ್ಕಾರ ಹೇಳುತ್ತೇನೆ.

ಆಮೇಲೆ ಬರುವುದು ತಾಯಿಯ ಸರದಿ. ಮಗ ಮತ್ತೆ ಬರಲಿ ಎಂದು ಬೇಡು ಎಂದು ಅವಳು ಗಂಡನನ್ನು ಪೀಡಿಸುತ್ತಾಳೆ. ಯಾವ ಸ್ಥಿತಿಯಲ್ಲಿ ಬರಬೇಕೆಂಬ ಷರತ್ತು ಮತ್ತೆ ಇಲ್ಲ. ರಾತ್ರಿ ಬಾಗಿಲು ಬಡಿದ ಸದ್ದಾಗುತ್ತದೆ. ಅವಳು ಅಗುಳಿ ತೆಗೆಯಲು ಓಡುತ್ತಾಳೆ. ಗಂಡ ಮೂರನೆಯ ವರವನ್ನು ಅವಳಿಗೆ ಹೇಳದೆ ಕೇಳದೆ ಬಳಸಿ ಮುಗಿಸುತ್ತಾನೆ. ಜಂಟಿ ಸ್ವತ್ತನ್ನು ಒಬ್ಬರೇ ಪರಭಾರೆ ಮಾಡಿದ ಈ ಕ್ರಮದ ಬಗ್ಗೆ ವಿಮರ್ಶಕರು ಮೌನವಾಗಿದ್ದಾರೆ.

ಹಾಗೆ ನೋಡಿದರೆ ರುಜು ಹಾಕುವ ಅಧಿಕಾರ ಯಾರದು ಎಂಬ ವಿಷಯದಲ್ಲಿ ಈ ಚಿತ್ರಗಳಲ್ಲಿ ದೊಡ್ಡ ಗೊಂದಲವಿದೆ. ರೋಮನ್ ಪೊಲಾನ್ಸ್ಕಿಯ 1968ರ ‘ರೋಸ್‌ಮೆರೀಸ್ ಬೇಬಿ’ ಈ ಬಾಬಿನಲ್ಲಿ ಪಠ್ಯಪುಸ್ತಕ. ನಟನಾಗಿ ಮೇಲೆ ಬರಲು ಹೆಣಗುತ್ತಿರುವ ಗಂಡ ಪಕ್ಕದ ಮನೆಯ ವೃದ್ಧ ದಂಪತಿಗಳ ಮೂಲಕ ಸೈತಾನನ ಕಡೆಯವರೊಡನೆ ವ್ಯವಹಾರ ಕುದುರಿಸುತ್ತಾನೆ. ಅವನಿಗೆ ನಾಟಕದ ಪಾತ್ರ ಸಿಗುತ್ತದೆ, ಅದಕ್ಕಾಗಿ ಎದುರಾಳಿ ನಟನ ಕಣ್ಣು ಹೋಗುತ್ತದೆ. ಹೆಂಡತಿಯ ಹೊಟ್ಟೆಯಲ್ಲಿ ಸೈತಾನನ ಮಗು ಬೆಳೆಯುತ್ತದೆ. ಲಾಭ ಒಬ್ಬರದು, ಬಂಡವಾಳ ಇನ್ನೊಬ್ಬರದು, ರುಜು ಹಾಕಿದವರಿಗೆ ಬಂಡವಾಳ ಹೂಡಿದವರು ಜಿಪಿಎ ಕೊಟ್ಟಿದ್ದರೆಂಬುದಕ್ಕೆ ಚೂರು ದಾಖಲೆಯಿಲ್ಲ. ಅಮೆರಿಕದ ಪ್ರೇಕ್ಷಕರು ಇದನ್ನು ಕಂಡು ಬೆಚ್ಚಿಬಿದ್ದರಂತೆ. ನಮ್ಮ ಕಡೆಯ ಪ್ರೇಕ್ಷಕರು ಬೆಚ್ಚಲಿಕ್ಕಿಲ್ಲ. ಮಗು ಯಾವಾಗ ಬೇಕು, ಎಷ್ಟು ಬೇಕು, ಅದು ಗಂಡಾಗಬೇಕೇ ಎಂಬುದನ್ನು ಹೊರುವವಳನ್ನು ಬಿಟ್ಟು ಉಳಿದವರು ಸೋಫಾದ ಮೇಲೆ ಕೂತು ತೀರ್ಮಾನಿಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದಕ್ಕೆ ಸೈತಾನನ ಸಹಾಯ ಬೇಕಾಗಿಲ್ಲ, ಕಾಫಿ ಸಾಕು.

ಮುಂಗಡ ಪಾವತಿಯ ಬಗ್ಗೆ ಹೇಳದಿದ್ದರೆ ಕಸುಬಿಗೆ ದ್ರೋಹವಾದೀತು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1847ರಲ್ಲಿ ಒಬ್ಬ ತಾಯಿಯ ಕಥೆ ಬರೆದ. ಮೂರು ಹಗಲು ಮೂರು ರಾತ್ರಿ ಕಾಯಿಲೆ ಮಗುವಿನ ಬಳಿ ಎಚ್ಚರವಿದ್ದವಳು ಒಂದು ಗಳಿಗೆ ತೂಕಡಿಸುತ್ತಾಳೆ. ಅಷ್ಟರಲ್ಲಿ ಸಾವು ಮಗುವನ್ನು ಎತ್ತಿಕೊಂಡು ಹೋಗುತ್ತದೆ. ಅವಳು ಬೆನ್ನಟ್ಟುತ್ತಾಳೆ. ದಾರಿ ತೋರಿಸಲು ಕತ್ತಲೆ ಅವಳ ಜೋಗುಳಗಳನ್ನೆಲ್ಲ ಹಾಡಿಸಿಕೊಳ್ಳುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿದ ಮುಳ್ಳುಪೊದೆ ತನ್ನನ್ನು ಎದೆಗೊತ್ತಿ ಬೆಚ್ಚಗೆ ಮಾಡಲು ಕೇಳುತ್ತದೆ, ಅವಳ ಎದೆಯಿಂದ ರಕ್ತ ಇಳಿಯುತ್ತದೆ. ಸರೋವರ ಕಣ್ಣು ಕೇಳುತ್ತದೆ, ಅತ್ತು ಅತ್ತು ಎರಡನ್ನೂ ಕೊಡುತ್ತಾಳೆ. ಸಾವಿನ ಗಾಜಿನಮನೆ ಕಾಯುವ ಮುದುಕಿ ಅವಳ ಕಪ್ಪು ಕೂದಲು ಪಡೆದು ತನ್ನ ನರೆಗೂದಲು ಕೊಡುತ್ತಾಳೆ. ದಯವಿಟ್ಟು ಗಮನಿಸಿ: ನಾಲ್ಕು ಕಂತು ಪಾವತಿಯಾಗಿದೆ, ಒಂದಕ್ಕೂ ರಸೀದಿಯಿಲ್ಲ, ನಾಲ್ವರಲ್ಲಿ ಒಬ್ಬರಿಗೂ ಸ್ವತ್ತಿನ ಮೇಲೆ ಹಕ್ಕಿಲ್ಲ, ಅವರೆಲ್ಲ ದಾರಿ ಹೇಳುವ ದಲ್ಲಾಳಿಗಳು. ಅಸಲು ಪಕ್ಷಕಾರರಾದ ಸಾವಿನವರ ಎದುರು ಬಂದು ನಿಂತಾಗ ಅವಳ ಬಳಿ ಕೊಡಲು ಏನೂ ಉಳಿದಿರುವುದಿಲ್ಲ. ಮಗು ಬದುಕಿದ್ದರೆ ಎಂಥ ಬಾಳು ಬಾಳಬೇಕಾದೀತು ಎಂಬುದನ್ನು ಸಾವಿನವರು ಬಾವಿಯಲ್ಲಿ ತೋರಿಸುತ್ತಾರೆ. ಅವಳು ಬೇಡಿಕೆಯನ್ನೇ ಹಿಂತೆಗೆದುಕೊಳ್ಳುತ್ತಾಳೆ. ಇಷ್ಟು ಕೆಟ್ಟದಾಗಿ ನಡೆದ ವ್ಯವಹಾರವನ್ನು ತಾಯಿಯ ಪ್ರೀತಿಯ ಕಥೆಯೆಂದು ಮಕ್ಕಳಿಗೆ ಓದಿಸುತ್ತಾರೆ. ಬ್ರೋಕರ್ ಕಮಿಷನ್ನಿನ ಕಥೆಯೆಂದು ಓದಿಸಿದ್ದರೆ ನಾಲ್ಕು ಮಕ್ಕಳು ಉದ್ಧಾರವಾಗುತ್ತಿದ್ದವು.

ಇವರೆಲ್ಲರಿಗೆ ಹೋಲಿಸಿದರೆ ನಮ್ಮ ‘ಗೋವಿನ ಹಾಡು’ ಎಷ್ಟೋ ಮೇಲು. ತಾಯಿ, ಪಶ್ಚಾತ್ತಾಪ, ಪ್ರಾಣಾಂತಿಕ ಒಪ್ಪಂದ ಮೂರೂ ಇರುವ, ಹತ್ತು ನಿಮಿಷದಲ್ಲಿ ಹಾಡಿ ಮುಗಿಸಬಹುದಾದ ಭಯಾನಕ ಕಿರುಚಿತ್ರ ಕನ್ನಡಿಗರ ನಾಲಿಗೆಯ ಮೇಲೆ ಮೊದಲೇ ಇತ್ತು. ಹುಲಿ ಅರ್ಬುತ ಪುಣ್ಯಕೋಟಿಯನ್ನು ಅಡ್ಡಗಟ್ಟಿತು. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಅವಳು ಗಡುವು ಕೇಳಿದಳು. ಜಾಮೀನಿಲ್ಲ, ಅಡಮಾನವಿಲ್ಲ, ಬರೀ ಬಾಯಿಮಾತು. ಹುಲಿ ಬಿಟ್ಟಿತು. ಅವಳು ಹೋಗಿ ಹಾಲೂಡಿಸಿ, ಕರುವನ್ನು ಒಡಹುಟ್ಟಿನಂಥ ಹಸುಗಳಿಗೆ ಒಪ್ಪಿಸಿ, ಹೇಳಿದಂತೆ ವಾಪಸು ಬಂದಳು. (ಪಾಲನೆಯ ಜವಾಬ್ದಾರಿ ವಹಿಸುವ ಪತ್ರವನ್ನು ಆಗ ಬರೆಸಲಿಲ್ಲ. ಕರುವಿನ ಮುಂದಿನ ಮೇವಿನ ಖರ್ಚು ಯಾರದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.) ಆಗ ಪಶ್ಚಾತ್ತಾಪ ಪಟ್ಟದ್ದು ಯಾರು? ಸಾಲ ಕೊಟ್ಟವರು! ಹುಲಿ ಆಕಾಶಕ್ಕೆ ನೆಗೆದು ಪ್ರಾಣ ಬಿಟ್ಟಿತು. ವಸೂಲಿಗೆ ಬಂದವರು ಬಾಕಿದಾರರ ಪ್ರಾಮಾಣಿಕತೆಗೆ ನೊಂದು ಜೀವ ಕಳೆದುಕೊಂಡ ಬೇರೆ ಪ್ರಕರಣವನ್ನು ಬ್ಯಾಂಕಿನವರಾಗಲಿ ಮೀಟರ್ ಬಡ್ಡಿಯವರಾಗಲಿ ಕಂಡಿಲ್ಲ.

ನನ್ನದೊಂದು ಸಣ್ಣ ಆಕ್ಷೇಪಣೆ ಮಾತ್ರ ಇದೆ. ಹಾಡು ಕೇಳಿ ಬೆಳೆದ ತಲೆಮಾರುಗಳಿಗೆ ಒಳ್ಳೆಯ ತಾಯಿಯೆಂದರೆ ಹುಲಿಗೆ ಕೊಟ್ಟ ಮಾತನ್ನೂ ತಪ್ಪದವಳು ಎಂದು ಗಟ್ಟಿಯಾಯಿತು. ಹಾಲೂಡಿಸಲು ಹೊರಗೆ ಹೋದವಳು ಹೇಳಿದ ಹೊತ್ತಿಗೆ ವಾಪಸು ಬರಬೇಕೆಂಬ ನಿಯಮ ಆಮೇಲೆ ಕಚೇರಿಗಳಿಗೂ ಬಂತು. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಬದುಕಿರುವ ಎರಡು ಮಕ್ಕಳಿದ್ದವರಿಗೆ ಹಳೆಯ 12 ವಾರವೇ ಉಳಿಯಿತು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿಬರಬಹುದು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಸಿಗುವುದು 15 ದಿನ. ಮೂರನೆಯ ಮಗುವಿಗೆ ಅರ್ಧಕ್ಕಿಂತ ಕಡಿಮೆ ರಜೆ ಕೊಟ್ಟದ್ದರ ಹಿಂದಿನ ತರ್ಕ ನನಗೆ ಮೆಚ್ಚಿಗೆಯಾಯಿತು. ಮೂರನೆಯದು ಕಡಿಮೆ ಅಳುತ್ತದೆ ಎಂದು ಸಂಸತ್ತಿಗೆ ಯಾರೋ ಖಚಿತ ಮಾಹಿತಿ ಕೊಟ್ಟಿರಬೇಕು.

ಸ್ಥಳೀಯ ಪದ್ಧತಿಗಳ ಮಾತು ಬಂದಿದ್ದರಿಂದ, ತೊಂಬತ್ತರ ದಶಕದ ಬೆಂಗಳೂರಿನ ಸಾಧನೆಯನ್ನೂ ದಾಖಲಿಸುತ್ತೇನೆ. ರಾತ್ರಿ ಮನೆಯವರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿದಾಗ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹೋಗಿ ಮರುದಿನ ಬರುತ್ತಿತ್ತು, ಮತ್ತೆ ಅದನ್ನೇ ಓದುತ್ತಿತ್ತು. ಪಾಶ್ಚಾತ್ಯರು ಇಂಥ ಕೆಲಸಕ್ಕೆ ಶಿಲುಬೆ, ಪವಿತ್ರ ಜಲ, ಪಾದ್ರಿ ಎಂದು ಖರ್ಚು ಮಾಡಿಕೊಳ್ಳುತ್ತಾರೆ. ನಾವು ಸರ್ಕಾರಿ ಕಚೇರಿಯ ಅನುಭವದಿಂದ ಒಂದು ಸೀಮೆಸುಣ್ಣದ ತುಂಡಿನಲ್ಲಿ ಮುಗಿಸಿದೆವು. ಆದರೆ ತಾಯಿಗೆ ಮಾತ್ರ ಈ ಪರಿಹಾರ ದೊರೆಯದು. ಅವಳ ಬಳಿ ಬರುವ ಕರೆ ಒಳಗಿನಿಂದ, ತೊಟ್ಟಿಲಿನಿಂದ ಬರುತ್ತದೆ, ಅದಕ್ಕೆ ಓದಲು ಬರುವುದಿಲ್ಲ.

ಇನ್ನು ಪಶ್ಚಾತ್ತಾಪದ ಭಾಗ. ಕಿರುಚಿತ್ರ ನಿರ್ದೇಶಕರು ಇಲ್ಲಿ ದಿನಾಂಕದ ತಪ್ಪು ಮಾಡುತ್ತಾರೆ. ‘ಇದೆಲ್ಲ ಬೇಡವಾಗಿತ್ತು’ ಎಂದು ಅವಳು ಮೂರು ಗಂಟೆಗೆ ಅಂದುಕೊಂಡದ್ದು ಪಾಪ. ಒಪ್ಪಂದವಾದ ಮೇಲೆ ಮೂರೂವರೆಗೆ ‘ಇದೆಲ್ಲ ಬೇಡವಾಗಿತ್ತು’ ಎಂದು ಗೋಳಾಡಿದ್ದು ಪುಣ್ಯ. ವಾಕ್ಯ ಅದೇ, ದನಿ ಅದೇ, ಬಹುಶಃ ಹಾಕಿಕೊಂಡ ನೈಟಿಯೂ ಅದೇ. ಮೊದಲಿನದಕ್ಕೆ ದೆವ್ವವನ್ನು ಕಳಿಸುತ್ತಾರೆ, ಎರಡನೆಯದಕ್ಕೆ ಪಿಟೀಲು ನುಡಿಸುತ್ತಾರೆ. ಒಂದೇ ಹೇಳಿಕೆಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ತೀರ್ಪು ಬರುವುದಾದರೆ ಕಕ್ಷಿದಾರರು ಯಾವುದನ್ನು ನಂಬಬೇಕು?

ಈ ವಿಷಯದಲ್ಲಿ ಇಸ್ರೇಲಿನ ಸಮಾಜಶಾಸ್ತ್ರಜ್ಞೆ ಓರ್ನಾ ಡೊನಾಥ್ ಅವರು 23 ತಾಯಂದಿರನ್ನು ಮಾತನಾಡಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲ ಹಿಂದಕ್ಕೆ ಹೋದರೆ ಮತ್ತೆ ತಾಯಿಯಾಗುವುದಿಲ್ಲ ಎಂದವರು ಆ ತಾಯಂದಿರು. ಅವರಲ್ಲಿ ಬಹಳ ಮಂದಿ ಮಕ್ಕಳ ಮೇಲಿನ ಪ್ರೀತಿಯೇ ಬೇರೆ, ತಾಯ್ತನದ ಬಗೆಗಿನ ಪಶ್ಚಾತ್ತಾಪವೇ ಬೇರೆ ಎಂದು ಬಿಡಿಸಿ ಹೇಳಿದರು. ಜರ್ಮನಿಯಲ್ಲಿ ಇದು ದೊಡ್ಡ ಗಲಾಟೆಯೆಬ್ಬಿಸಿತು. ನನಗೆ ಇದರಲ್ಲಿ ಗಲಾಟೆಯ ವಿಷಯ ಕಾಣಲಿಲ್ಲ. ಸ್ವತ್ತಿನ ಬಗ್ಗೆ ತಕರಾರಿಲ್ಲ, ಷರತ್ತುಗಳ ಬಗ್ಗೆ ಇದೆ, ಅಷ್ಟೇ. ನಮ್ಮ ಮೇಜಿಗೆ ಬರುವ ಅರ್ಧ ಪಾಲು ಜನ ಇದೇ ಮಾತು ಹೇಳುತ್ತಾರೆ, ಮನೆ ಚೆನ್ನಾಗಿದೆ, ಸಾಲದ ಕಂತು ಕೊಲ್ಲುತ್ತಿದೆ ಎಂದು. ಅವರನ್ನು ಯಾರೂ ರಾಕ್ಷಸರೆಂದು ಕರೆದದ್ದಿಲ್ಲ.

ಷರತ್ತುಗಳನ್ನಾದರೂ ನೋಡೋಣವೆಂದು ನಾನು ತಾಯ್ತನದ ಮೂಲಪತ್ರ ಹುಡುಕಿದೆ. ಯಾವುದೇ ಎರಡನೆಯ ಕರಾರನ್ನು ತೂಗುವ ಮೊದಲು ಮೊದಲಿನ ಹಕ್ಕುಪತ್ರ ನೋಡುವುದು ವಾಡಿಕೆ. ಮೂಲಪತ್ರವೇ ಇಲ್ಲ. ಮದುವೆಯ ಮರುತಿಂಗಳಿಂದ ‘ಏನಾದರೂ ವಿಶೇಷ?’ ಎಂಬ ವಿಚಾರಣೆ, ಆಮೇಲೆ ಸೀಮಂತದ ಹಸಿರು ಬಳೆ, ಆಮೇಲೆ ಆಸ್ಪತ್ರೆಯ ಬಿಲ್ಲು. ನಡುವೆ ಎಲ್ಲೂ ಷರತ್ತುಗಳನ್ನು ಓದಿ ಹೇಳಿದ ದಾಖಲೆ ಸಿಗುವುದಿಲ್ಲ. ಪ್ರತಿಫಲವೇನೆಂದು ಕೇಳಿದರೆ ‘ಪ್ರೀತಿ’ ಎನ್ನುತ್ತಾರೆ. ಕರಾರು ಅಧಿನಿಯಮದ 25ನೇ ಕಲಮು ಇದಕ್ಕೆ ಆಸ್ಪದ ಕೊಡುತ್ತದೆ. ಹತ್ತಿರದ ಸಂಬಂಧಿಗಳ ನಡುವೆ ಸಹಜ ಪ್ರೀತಿವಾತ್ಸಲ್ಯದಿಂದ, ಪ್ರತಿಫಲವಿಲ್ಲದೆ ಆದ ಒಪ್ಪಂದವೂ ಊರ್ಜಿತ. ಆದರೆ ಅದು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಿರಬೇಕು. ಈ ದೇಶದಲ್ಲಿ ನೋಂದಣಿಯಾದ ತಾಯಿಯ ಪ್ರೀತಿಯನ್ನು ನಾನು ಕಂಡಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೂ ಅದಕ್ಕೆ ಕಾಲಂ ಇಲ್ಲ.

ಇದ್ದ ಒಬ್ಬ ಪತ್ರ ಬರಹಗಾರ್ತಿಯೆಂದರೆ ಶೆಟಿಗೆವ್ವ. ಉತ್ತರ ಕರ್ನಾಟಕದ ಕಡೆ ಹೆರಿಗೆಯಾದ ಕೆಲವೇ ದಿನದೊಳಗೆ ರಾತ್ರಿ ಹೊತ್ತು ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುವವಳು. ವೃತ್ತಿಬಾಂಧವಳೆಂಬ ಗೌರವದಿಂದಲೇ ಹೇಳುತ್ತೇನೆ, ಅವಳು ನಕಲು ಪ್ರತಿ ಕೊಡುವುದಿಲ್ಲ, ಬರೆದದ್ದು ಯಾರಿಗೂ ಓದಲು ಬರುವುದಿಲ್ಲ, ತಿದ್ದುಪಡಿ ಪತ್ರಕ್ಕೆ ಅವಕಾಶವಿಲ್ಲ. ಅದಲ್ಲದೆ ಅವಳು ಬರೆಯುವುದು ಮಗುವಿನ ಹಣೆಯ ಮೇಲೆ. ಪಕ್ಕದಲ್ಲೇ ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಕೆಮ್ಮುತ್ತ ಮಲಗಿರುವವಳ ಹಣೆಗೆ ಹೊಸದಾಗಿ ಏನನ್ನೂ ಬರೆದ ಉಲ್ಲೇಖವಿಲ್ಲ. ಅದು ತಾನಾಗಿಯೇ ಅನ್ವಯಿಸುತ್ತದೆ ಎಂಬುದು ಗ್ರಹಿಕೆ.

ಬರವಣಿಗೆ ಇಲ್ಲದಿದ್ದರೂ ಅನುಭೋಗದಿಂದ ಷರತ್ತುಗಳನ್ನು ಊಹಿಸಬಹುದು. ನಮ್ಮ ಹಳೆಯ ಪತ್ರಗಳಲ್ಲಿ ಜಮೀನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಮೇತ ಎಂದು ಬರೆಯುತ್ತಿದ್ದರು. ಮಗುವಿಗೆ ಅಮ್ಮ ವರ್ಗವಾಗುವುದೂ ಹೀಗೆಯೇ. ನಿಧಿಯೆಂದರೆ ಅವಳ ಪಿ.ಎಫ್. ಜಲವನ್ನು ವಿವರಿಸಬೇಕಿಲ್ಲ. ಆಗಾಮಿ ಎಂದರೆ ಮುಂದೆ ಬರಬೇಕಾಗಿದ್ದ ಬಡ್ತಿ. ಸಾಧ್ಯವೆಂದರೆ ಅವಳು ಏನೇನು ಆಗಬಹುದಾಗಿತ್ತೋ ಅದೆಲ್ಲ. ಅವಧಿ, ಆಚಂದ್ರಾರ್ಕ. ಕೇಂದ್ರ ಸರ್ಕಾರದ 2019ರ ಕಾಲಬಳಕೆ ಸಮೀಕ್ಷೆಯಲ್ಲಿ ಅಳತೆಯೂ ಸಿಗುತ್ತದೆ: ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರ ಪೈಕಿ ಶೇ. 81.2 ಮಂದಿ ತೊಡಗಿದ್ದರು, ಗಂಡಸರಲ್ಲಿ ಶೇ. 26.1. ಹಾಗೆ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಆ 97 ನಿಮಿಷದ ಗಂಡಸರನ್ನು ನಾನು ಹುಡುಕುತ್ತಿದ್ದೇನೆ, ಸಾಕ್ಷಿ ಹಾಕಿಸಲು ಬೇಕಾಗಿದ್ದಾರೆ.

ತಪ್ಪಿದರೆ ಏನೆಂಬ ಕಲಮೂ ಇರಬೇಕಲ್ಲ? ನಮ್ಮ ಹಳೆಯ ದಾನಶಾಸನಗಳ ಕೊನೆಯ ಶಾಪಾಶಯದಲ್ಲಿ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾರೆಂದು ಅವಧಿ, ಸ್ಥಳ, ಜಾತಿ ಎಲ್ಲ ನಮೂದಿಸುತ್ತಿದ್ದರು. ಪಿಶಾಚಿಯವರ ಕರಾರಿನಲ್ಲಿ ಇಂಥ ನಿಖರತೆಯಿಲ್ಲ, ‘ನೀನು ಪಶ್ಚಾತ್ತಾಪ ಪಡುತ್ತೀ’ ಎಂದು ಗೊಗ್ಗರು ದನಿಯಲ್ಲಿ ಹೇಳಿ ಬಿಡುತ್ತಾರೆ. ತಾಯ್ತನದ ಅಲಿಖಿತ ಕರಾರಿನಲ್ಲಿ ಶಾಪಾಶಯ ಪಕ್ಕಾ ಇದೆ. ಅದನ್ನು ಓದಿ ಹೇಳುವವರು ಮೂರನೆಯ ವ್ಯಕ್ತಿಗಳು, ಹೆಚ್ಚಾಗಿ ಲಿಫ್ಟಿನಲ್ಲಿ: ‘ತಾಯಿಯಾಗಿ ಹೀಗೆಲ್ಲ ಅನ್ನಬಹುದೇನಮ್ಮಾ?’

ಈವರೆಗೆ ತೆರೆಗೆ ಬಂದ ಪತ್ರಗಳಲ್ಲಿ ವೃತ್ತಿಪರವಾಗಿ ನಾನು ಒಪ್ಪುವುದು ಒಂದನ್ನೇ. ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ 2005ರಲ್ಲಿ ‘ಮಾನ್ಸ್ಟರ್’ ಎಂಬ ಕಿರುಚಿತ್ರ ಮಾಡಿ, ಅದನ್ನು ಬೆಳೆಸಿ 2014ರಲ್ಲಿ ‘ದಿ ಬಾಬಾಡೂಕ್’ ತೆಗೆದರು. ಹೆರಿಗೆಗೆಂದು ಕಾರಿನಲ್ಲಿ ಕರೆದೊಯ್ಯುವಾಗ ಗಂಡ ಅಪಘಾತದಲ್ಲಿ ಸತ್ತಿದ್ದಾನೆ. ಮಗನ ಹುಟ್ಟುಹಬ್ಬವೂ ಗಂಡನ ತಿಥಿಯೂ ಒಂದೇ ದಿನ. ಮಗನನ್ನು ಕಂಡರೆ ಅವಳಿಗೆ ಪ್ರೀತಿಯೂ ಇದೆ, ಸಹಿಸಲಾಗದ ಸಿಟ್ಟೂ ಇದೆ. ಆ ಸಿಟ್ಟು ಕಪ್ಪು ಟೋಪಿ ಹಾಕಿಕೊಂಡು ಮನೆಗೆ ಬರುತ್ತದೆ. ಕೊನೆಯಲ್ಲಿ ದೆವ್ವ ಸಾಯುವುದಿಲ್ಲ, ಓಡಿಹೋಗುವುದೂ ಇಲ್ಲ. ನೆಲಮಾಳಿಗೆಯಲ್ಲಿರುತ್ತದೆ, ತಾಯಿಮಗ ತೋಟದಲ್ಲಿ ಎರೆಹುಳು ಹೆಕ್ಕುತ್ತಾರೆ, ಅವಳು ಬಟ್ಟಲಲ್ಲಿ ಕೊಂಡೊಯ್ದು ಕೊಡುತ್ತಾಳೆ. ಇದು ರಾಜಿಪತ್ರ, ಸ್ವಾಧೀನ ಮತ್ತು ಆಹಾರದ ಷರತ್ತುಗಳ ಸಮೇತ. ಹನ್ನೊಂದು ತಿಂಗಳಿಗೆ ಸೀಮಿತಗೊಳಿಸಿದ್ದರೆ ನೋಂದಣಿಯ ಖರ್ಚೂ ಉಳಿಯುತ್ತಿತ್ತು.

ಇದಕ್ಕೆ ತದ್ವಿರುದ್ಧ ಉದಾಹರಣೆ ‘ಮಾಮಾ’. ಆಂಡಿ ಮುಶಿಯೆಟ್ಟಿಯ ಮೂರು ನಿಮಿಷದ ಕಿರುಚಿತ್ರ 2013ರಲ್ಲಿ ಪೂರ್ಣ ಚಿತ್ರವಾಯಿತು. ಕಾಡಿನ ಗುಡಿಸಲಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಐದು ವರ್ಷ ಸಾಕಿದ ದೆವ್ವ ಅವರು ತನ್ನವರೆನ್ನುತ್ತದೆ. ಪ್ರತಿಕೂಲ ಸ್ವಾಧೀನಕ್ಕೆ ನಮ್ಮ ಕಾಲಮಿತಿ ಕಾಯಿದೆಯಂತೆ 12 ವರ್ಷ ಬೇಕು. ಆದರೂ ಕಿರಿಯವಳು ದೆವ್ವದ ಪಾಲಾಗುತ್ತಾಳೆ. ಮೇಲ್ಮನವಿಗೆ ಯೋಗ್ಯ ಪ್ರಕರಣ.

ಮುಂದೆ ಇಂಥ ಕಿರುಚಿತ್ರ ಮಾಡುವವರಿಗೆ ದೋಷರಹಿತವಾದ ಒಂದು ಕೊನೆಯ ದೃಶ್ಯವನ್ನು ಬರೆದುಕೊಡುತ್ತಿದ್ದೇನೆ. ಪಿಶಾಚಿಯವರು ಮೂರು ಗಂಟೆಗೆ ಬರಲಿ, ಅಡ್ಡಿಯಿಲ್ಲ. ವಿಶೇಷ ಕಾರಣವಿದ್ದರೆ ಮನೆಗೇ ಬಂದು ನೋಂದಣಿ ಮಾಡಲು 1908ರ ಕಾಯಿದೆಯ 31ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಬರುವ ಮೊದಲು ಎಲ್ಲ ಜಾಣ ಖರೀದಿದಾರರಂತೆ ಋಣಭಾರ ಪ್ರಮಾಣಪತ್ರ ತೆಗೆಸಿಕೊಂಡು ಬರಲಿ. ತೂಗುದೀಪದ ಕೆಳಗೆ ಕನ್ನಡಕ ಹಾಕಿಕೊಂಡು ಅದನ್ನು ಓದಲಿ. ಮೊದಲ ಭಾರ ಮಗುವಿನದು. ಎರಡನೆಯದು ಗಂಡನ ಬೆಳಗಿನ ಡಬ್ಬಿ. ಮೂರನೆಯದು ಅತ್ತೆಯವರ ಬಿ.ಪಿ. ಮಾತ್ರೆ ಮತ್ತು ಧಾರಾವಾಹಿಯ ಹೊತ್ತಿಗೆ ಮಗು ಅಳದಂತೆ ನೋಡಿಕೊಳ್ಳುವುದು. ನಾಲ್ಕನೆಯದು ತವರಿನ ತಂಗಿಯ ಮದುವೆ. ಐದನೆಯದು ಗೃಹಸಾಲದ ಬ್ಯಾಂಕು, ಅರ್ಜಿಯಲ್ಲಿ ಇವಳೂ ಸಹ ಸಾಲಗಾರಳು. ಆರನೆಯದು ‘ರಜೆಯಲ್ಲಿದ್ದರೂ ಒಂದೇ ಒಂದು ಈಮೇಲ್ ನೋಡಿಬಿಡಿ’ ಎನ್ನುವ ಮ್ಯಾನೇಜರು. ಪುಟ ತಿರುಗಿಸಿದರೆ ಇನ್ನೂ ಇದೆ.

‘ಅಮ್ಮಾ, ನಿಮ್ಮ ಹೆಸರಲ್ಲಿ ಖುಲ್ಲಾ ಉಳಿದಿರುವ ಭಾಗ ಯಾವುದು?’ ಎಂದು ಪಿಶಾಚಿಯವರು ಕೇಳಲಿ.

‘ಅದನ್ನೇ ನಾನೂ ಹುಡುಕುತ್ತಿದ್ದೇನೆ, ಕೂತುಕೊಳ್ಳಿ.’

‘ಹಾಗಾದರೆ ನಾನು ಬರೆಸಿಕೊಳ್ಳುವುದಾದರೂ ಏನನ್ನ?’

‘ನಿಮಗೆ ಬೇಡವಾದರೆ ಹೋಗಿ, ಬೇಜಾರಿಲ್ಲ. ಹೋಗುವ ಮೊದಲು ಇದನ್ನು ಒಂದೈದು ನಿಮಿಷ ಎತ್ತಿಕೊಂಡಿರಿ, ಬಚ್ಚಲಿಗೆ ಹೋಗಿ ಬರುತ್ತೇನೆ. ಕತ್ತಿನ ಹಿಂದೆ ಕೈ ಕೊಡಿ. ಹಾಗಲ್ಲ, ಹೀಗೆ.’

ಪಿಶಾಚಿಯವರು ಎತ್ತಿಕೊಂಡರು, ಮಗು ಅವರ ಭುಜದ ಮೇಲೆ ಕಕ್ಕಿತು, ಅವಳು ಬಂದಳು, ಅವರು ಹೋದರು. ಚಿತ್ರ ಇಲ್ಲಿಗೆ ಮುಗಿಯುತ್ತದೆ, ಕಾನೂನಿನ ಪ್ರಶ್ನೆ ಮುಗಿಯುವುದಿಲ್ಲ. ಕರಾರು ಅಧಿನಿಯಮದ 70ನೇ ಕಲಮಿನಂತೆ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಇನ್ನೊಬ್ಬರಿಗೆ ಮಾಡಿದ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು. ಮಗುವನ್ನು ಐದು ನಿಮಿಷ ಎತ್ತಿಕೊಂಡದ್ದಕ್ಕೆ ಪಿಶಾಚಿಯವರು ಕೂಲಿ ಕೇಳಿ ದಾವೆ ಹೂಡಬಹುದು, ಅವರ ಕಡೆ ನ್ಯಾಯವೂ ಇದೆ. ಆದರೆ ಐದು ನಿಮಿಷಕ್ಕೆ ಇಷ್ಟೆಂದು ಒಮ್ಮೆ ದರ ನಿಗದಿಯಾದರೆ ಉಳಿದ ರಾತ್ರಿಗಳ ಲೆಕ್ಕ ತೆಗೆಯಲು ಬೇರೆಯವರು ಸಾಲಾಗಿ ಬಂದು ನಿಲ್ಲುವ ಅಪಾಯವಿರುವುದರಿಂದ, ಗಂಡಂದಿರ ಪರವಾಗಿ ಒಂದು ತಕರಾರು ಅರ್ಜಿಯ ಮಾದರಿಯನ್ನು ಸಿದ್ಧಪಡಿಸಿ ಇಟ್ಟಿದ್ದೇನೆ. ಕಚೇರಿ ವೇಳೆಯಲ್ಲಿ ಮೇಜಿನ ಬಳಿ ದೊರೆಯುತ್ತದೆ. ಬರವಣಿಗೆ ಶುಲ್ಕ ಮುಂಗಡ, ಪಕ್ಷಕಾರರು ಯಾರೇ ಹಿಂದೆ ಸರಿದರೂ ವಾಪಸಿಲ್ಲ.